ಬಳ್ಳಾರಿ ಜಾಲಿ: ಬೀಸಿದರೆ ಮೇವು, ಬಿಟ್ಟರೆ ಬಿತ್ತನೆ

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಿದ ಗಿಡ ಬಳ್ಳಾರಿ ಜಾಲಿ. ಎಲೆಯಲ್ಲಿ ಕಹಿ ಆಲ್ಕಲಾಯ್ಡ್‌ಗಳಿರುವುದರಿಂದ ಮೇಕೆಯೂ ಮೂಸಿ ನೋಡಿ ಮುಂದೆ ಹೋಗುತ್ತದೆ. ಕಾಯಿಯ ಸಂಗತಿ ಬೇರೆ. ಹಳದಿಗೆ ತಿರುಗಿ ಉದುರಿದ ಸಿಹಿ ಕಾಯಿಯನ್ನು ದನ, ಎಮ್ಮೆ, ಕುರಿ, ಹಂದಿ ಎಲ್ಲವೂ ಹುಡುಕಿಕೊಂಡು ಬಂದು ತಿನ್ನುತ್ತವೆ. ಹೀಗೆ ಸೊಪ್ಪು ಗಿಡದಲ್ಲೇ ಉಳಿಯಿತು, ಬೀಜ ಊರೂರು ತಿರುಗಿತು. ಕೆರೆ ಅಂಗಳ, ಹಳ್ಳದ ದಂಡೆ, ಗೋಮಾಳ, ಬೀಳು ಹೊಲಗಳನ್ನೆಲ್ಲ ಈ ಮುಳ್ಳುಮರ ಹಿಡಿದುಕೊಂಡಿತು.

ತಾನಾಗಿ ಬಂದ ಮರವೇನಲ್ಲ, ಕರೆದು ತಂದದ್ದು. ಮೂಲ ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ. 1877ರಲ್ಲಿ ಬ್ರಿಟಿಷರು ಜಮೈಕಾದಿಂದ ಬೀಜ ತರಿಸಿ ಕಡಪ ಸೀಮೆಯಲ್ಲಿ ಬಿತ್ತಿಸಿದರು, ಬೇಕಿದ್ದದ್ದು ಸೌದೆ. 1940ರಲ್ಲಿ ಜೋಧಪುರ ಸಂಸ್ಥಾನ ಇದಕ್ಕೆ ರಾಜವೃಕ್ಷದ ಪಟ್ಟ ಕಟ್ಟಿತು. 1961ರ ಹೊತ್ತಿಗೆ ಕಚ್ಛದ ಬನ್ನಿ ಹುಲ್ಲುಗಾವಲಿನ ಅಂಚಿನಲ್ಲಿ, ಉಪ್ಪಿನ ರಣ ಮುಂದೊತ್ತಿ ಬರಬಾರದೆಂದು ಅರಣ್ಯ ಇಲಾಖೆ ಇದನ್ನು ನೆಡಿಸಿತು. ಕಡೆಗೆ ಹುಲ್ಲುಗಾವಲಿನ ಅರ್ಧದಷ್ಟು ಜಾಲಿಯ ಪಾಲಾಯಿತು.

ಇಷ್ಟು ಹಬ್ಬಿದ ಮೇಲೆ, ಇರುವುದನ್ನೇ ಬಳಸಿಕೊಳ್ಳಬಾರದೇಕೆ ಎಂದು ಕೇಳುವವರು ಬಹಳ ಜನ. ಬಳಸಬಹುದು. ಆದರೆ ಬಳಸುವ ರೀತಿ ತಪ್ಪಿದರೆ ನಾವೇ ಅದರ ಬೀಜ ಹಂಚಿದಂತಾಗುತ್ತದೆ.

ಕಾಯಿಯನ್ನು ಸೀಳಿ ನೋಡಿದರೆ ವಿಷಯ ಅರ್ಥವಾಗುತ್ತದೆ. ಹೊರಗೆ ತೆಳು ಸಿಪ್ಪೆ, ಅದರೊಳಗೆ ಸಕ್ಕರೆ ತುಂಬಿದ ತಿರುಳು, ತಿರುಳಿನೊಳಗೆ ಒಂದೊಂದು ಬೀಜಕ್ಕೂ ಒಂದೊಂದು ಗಟ್ಟಿ ಕವಚ. ಇಡೀ ಕಾಯಿ ತಿಂದ ದನದ ಹೊಟ್ಟೆಯಲ್ಲಿ ತಿರುಳು ಕರಗುತ್ತದೆ, ಬೀಜಗಳಲ್ಲಿ ಬಹಳಷ್ಟು ಹಾಗೇ ಹೊರಬೀಳುತ್ತವೆ. ಹೊಟ್ಟೆಯ ರಸಕ್ಕೆ ಬೀಜದ ಸಿಪ್ಪೆ ಮೆತ್ತಗಾಗಿರುತ್ತದೆ, ಸುತ್ತ ಸಗಣಿಯ ಗೊಬ್ಬರ ಬೇರೆ. ಮೊಳಕೆಗೆ ಇನ್ನೇನು ಬೇಕು? ನಷ್ಟ ಇನ್ನೊಂದು ಕಡೆಯಿಂದಲೂ ಇದೆ. ಕಾಯಿಯಲ್ಲಿ ಪ್ರೋಟೀನ್ ಹೆಚ್ಚಿರುವುದೇ ಬೀಜದ ಬೇಳೆಯಲ್ಲಿ, ಅದು ದನಕ್ಕೆ ದಕ್ಕುವುದೇ ಇಲ್ಲ. ಕಾಯಿಯನ್ನು ನುಣ್ಣಗೆ ಬೀಸಿಬಿಟ್ಟರೆ ಈ ಎರಡೂ ತೊಂದರೆ ಒಟ್ಟಿಗೇ ತೀರುತ್ತವೆ.

ಬೀಸುವುದೇ ಕಷ್ಟದ ಕೆಲಸ. ಕಾಯಿ ಹೆಚ್ಚಾಗಿ ಬೇಸಿಗೆಯಲ್ಲಿ, ಏಪ್ರಿಲ್‌ನಿಂದ ಜೂನ್‌ವರೆಗೆ ಉದುರುತ್ತದೆ. ದನ ಬರುವ ಮೊದಲೇ ಆಯ್ದುಕೊಂಡು, ಬೂಸ್ಟು ಹಿಡಿದದ್ದನ್ನು ಎಸೆದು, ಮುರಿದರೆ ಪಟ್ಟನೆ ತುಂಡಾಗುವವರೆಗೆ ಬಿಸಿಲಿಗೆ ಹಾಕಬೇಕು. ಸಕ್ಕರೆಯಂಶ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ, ಒಣಗಿದ ಕಾಯಿಯೂ ರಾತ್ರಿ ಹೊರಗಿದ್ದರೆ ಬೆಳಿಗ್ಗೆ ಮೆತ್ತಗಾಗಿರುತ್ತದೆ. ಅಂಥದ್ದನ್ನು ಹಿಟ್ಟಿನ ಗಿರಣಿಗೆ ಹಾಕಿದರೆ ಕಲ್ಲಿಗೆ ಅಂಟು ಮೆತ್ತಿಕೊಂಡು ಗಿರಣಿಯವನು ಬೈಯುತ್ತಾನೆ, ಅದರಲ್ಲಿ ಅವನ ತಪ್ಪಿಲ್ಲ. ಮೇವು ಪುಡಿ ಮಾಡುವ ಹ್ಯಾಮರ್ ಮಿಲ್ಲೇ ಇದಕ್ಕೆ ಸರಿ. ಸುಡು ಬಿಸಿಲಿನ ಮಧ್ಯಾಹ್ನ, ಅಂಗಳದಿಂದ ನೇರವಾಗಿ ಒಯ್ದು ಬೀಸಬೇಕು. ಪುಡಿಯನ್ನು ಅಂಗೈಯಲ್ಲಿ ತಿಕ್ಕಿ ನೋಡಿ. ಇಡೀ ಬೀಜ ಸಿಕ್ಕರೆ ಮತ್ತೊಮ್ಮೆ ಹಾಕಬೇಕು. ಅನುಮಾನವಿದ್ದರೆ ಒಂದು ಹಿಡಿ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ಮೊಳಕೆ ಕಂಡರೆ ಮಿಲ್ಲಿನ ಜರಡಿ ಬದಲಾಯಿಸಿ. ಕೂಡಿಟ್ಟ ಕಾಯಿಗೆ ಬೀಜ ಕೊರೆಯುವ ದುಂಬಿಯ ಕಾಟವೂ ಉಂಟು. ಹೀಗಾಗಿ ಮುಚ್ಚಳ ಬಿಗಿಯಾದ ಡ್ರಮ್ಮು ಬೇಕೇ ಬೇಕು.

ಕೊಡುವ ಪ್ರಮಾಣವೂ ಮುಖ್ಯ. ಕಾಯಿಯಲ್ಲಿ ಪ್ರೋಟೀನ್ ಇರುವುದು ಸುಮಾರು ಶೇ 10ರಿಂದ 14. ಅಂದರೆ ಇದು ಬೂಸಾ, ಮೆಕ್ಕೆಜೋಳದ ನುಚ್ಚಿನ ಜಾಗ ತುಂಬಬಲ್ಲದೇ ಹೊರತು ಶೇಂಗಾ ಹಿಂಡಿಯ ಜಾಗವನ್ನಲ್ಲ. ದಾಣಿ ಮಿಶ್ರಣದಲ್ಲಿ ಐದನೇ ಒಂದು ಪಾಲು ಮೀರದಿರುವುದು ಕ್ಷೇಮ, ಅದನ್ನೂ ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಬೇಕು. ಬರಗಾಲದಲ್ಲಿ ವಾರಗಟ್ಟಲೆ ಬರೀ ಜಾಲಿಕಾಯಿ ತಿಂದ ದನಗಳಿಗೆ ದವಡೆಯ ನರ ಸೋತು, ಜೊಲ್ಲು ಸುರಿದು, ಮೇವು ಅಗಿಯಲಾಗದೆ ಸೊರಗುವ ರೋಗ ಬರುತ್ತದೆ. ಬ್ರೆಜಿಲ್‌ನಲ್ಲಿ ಇದು ಚೆನ್ನಾಗಿ ಗೊತ್ತಿರುವ ಕಾಯಿಲೆ. ಕೆನ್ಯಾದ ಬರಿಂಗೊ ಪ್ರದೇಶದ ಇಲ್ಚಮುಸ್ ಜನ ಈ ಮರವನ್ನು ತಮ್ಮ ನೆಲಕ್ಕೆ ತಂದವರ ವಿರುದ್ಧ ದಾವೆ ಹೂಡಿದಾಗ, ಜಾಲಿಕಾಯಿ ತಿಂದು ಹಲ್ಲು ಕಳೆದುಕೊಂಡ ಮೇಕೆಯನ್ನೇ ಸಾಕ್ಷಿಯಾಗಿ ನ್ಯಾಯಾಲಯಕ್ಕೆ ಕರೆದೊಯ್ದಿದ್ದರು.

ಇನ್ನು ಕಟ್ಟಿಗೆ. ಇದ್ದಿಲಿಗೆ ಇದು ಹೆಸರಾದ ಮರ, ಅದರ ವ್ಯಾಪಾರ ಎಲ್ಲರಿಗೂ ಗೊತ್ತು. ಹೊಲಕ್ಕೆ ಬೇಕಾದದ್ದು ಬಯೋಚಾರ್, ಅಂದರೆ ಮಣ್ಣಿಗೆ ಸೇರಿಸುವ ಇದ್ದಿಲು. ಮಾರಲಾಗದ ಸಣ್ಣ ರೆಂಬೆಗಳೇ ಇದಕ್ಕೆ ಸಾಕು. ಮೇಲೆ ಅಗಲ, ಕೆಳಗೆ ಕಿರಿದಾದ ಗುಂಡಿ ತೋಡಿ, ತಳದಲ್ಲಿ ಬೆಂಕಿ ಮಾಡಿ, ರೆಂಬೆಗಳ ಮೇಲೆ ಬಿಳಿ ಬೂದಿ ಕಾಣತೊಡಗಿದಂತೆ ಇನ್ನೊಂದು ಪದರ ಹೇರುತ್ತ ಹೋಗಬೇಕು. ಮೇಲಿನ ಜ್ವಾಲೆ ಗಾಳಿಯನ್ನೆಲ್ಲ ನುಂಗುವುದರಿಂದ ಕೆಳಗಿನದು ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ. ಗುಂಡಿ ತುಂಬಿದಾಗ ನೀರು ಸುರಿದು ಆರಿಸಿ, ಪುಡಿ ಮಾಡಿ, ಸಗಣಿ ರಾಡಿ ಅಥವಾ ಗಂಜಲದಲ್ಲಿ ಕೆಲವು ದಿನ ನೆನೆಸಬೇಕು. ಹಸಿದ ಇದ್ದಿಲನ್ನು ಹಾಗೇ ಹಾಕಿದರೆ ಅದು ಮಣ್ಣಿನ ಸಾರಜನಕವನ್ನೇ ಹಿಡಿದಿಟ್ಟುಕೊಳ್ಳಬಹುದು. ಮಸಾರಿ ಭೂಮಿಯಲ್ಲಿ, ಅದರಲ್ಲೂ ಮರಳು ಹೆಚ್ಚಿರುವಲ್ಲಿ, ಇದು ತೇವ ಹಿಡಿಯಲು ನೆರವಾಗುತ್ತದೆ. ಎರೆ ಹೊಲದವರು ಆತುರಪಡುವುದು ಬೇಡ: ಆ ಮಣ್ಣು ಮೊದಲೇ ಕ್ಷಾರ, ಇದ್ದಿಲೂ ಕ್ಷಾರವೇ.

ಹೂವಿನಿಂದ ಜೇನಿಗೆ ಮಕರಂದ, ಒಣ ರೆಂಬೆಯಿಂದ ಬೇಲಿ ಎಂಬ ಚಿಲ್ಲರೆ ಲಾಭಗಳೂ ಇವೆ. ನನ್ನ ತಕರಾರು ಲಾಭದ ಬಗ್ಗೆಯೇ. ಮರ ದುಡ್ಡು ಕೊಡತೊಡಗಿದ ಮೇಲೆ ಅದನ್ನು ಬುಡಸಮೇತ ಕೀಳಲು ಯಾರಿಗೂ ಮನಸ್ಸಿರುವುದಿಲ್ಲ. ನೆಲಮಟ್ಟಕ್ಕೆ ಕಡಿದು ಬಿಟ್ಟರೆ ಒಂದು ಕಾಂಡದ ಜಾಗದಲ್ಲಿ ಹತ್ತು ಚಿಗುರು ಏಳುತ್ತವೆ, ಕೆಲವು ವರ್ಷಕ್ಕೆ ಮತ್ತೆ ಕಡಿಯಬಹುದು. ಇದ್ದಿಲು ಸುಡುವವರಿಗೆ ಅದು ಬೆಳೆ, ಪಕ್ಕದ ಹೊಲದವನಿಗೆ ಶಾಪ. ಬನ್ನಿಯಲ್ಲಿ 2004ರಲ್ಲಿ ಇದ್ದಿಲಿನ ಮೇಲಿದ್ದ ನಿರ್ಬಂಧ ತೆಗೆದಾಗ ಲಾರಿಗಟ್ಟಲೆ ಇದ್ದಿಲು ಸಾಗಿತು, ಜಾಲಿ ಮಾತ್ರ ಇವತ್ತೂ ಅಲ್ಲೇ ಇದೆ.

ಹೀಗಾಗಿ ಕಟ್ಟಿಗೆಯ ದುಡ್ಡಿನಲ್ಲೇ ಬೇರು ಕೀಳುವ ಖರ್ಚು ಹುಟ್ಟಬೇಕು. ಕೆರೆ ಅಂಗಳದ ಜಾಲಿ ಹರಾಜು ಮಾಡುವ ಪಂಚಾಯಿತಿಗಳು ಈ ಒಂದು ಷರತ್ತು ಬರೆದರೂ ದೊಡ್ಡ ಉಪಕಾರ. ಸ್ವಂತ ಜಮೀನಿನವರಿಗೆ ಕಡಿಯಲು ಕಾನೂನಿನ ಅಡ್ಡಿ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿ ಬೇಡದ ಮರಗಳ ಸಾಲಿನಲ್ಲಿ ನೀಲಗಿರಿ, ಸುಬಾಬುಲ್ ಜೊತೆ ಇದೂ ಇದೆ. ಚಿಗುರುವ ಕಣ್ಣುಗಳಿರುವುದು ಕಾಂಡ ಮತ್ತು ಬೇರು ಕೂಡುವ ಗಂಟಿನಲ್ಲಿ. ಮಳೆ ಬಿದ್ದು ನೆಲ ಮೆತ್ತಗಾದಾಗ ಸುತ್ತ ಅಗೆದು, ಒಂದಡಿ ಆಳದಲ್ಲಿ ಆ ಗಂಟು ಪೂರ್ತಿ ಬರುವಂತೆ ಕತ್ತರಿಸಿದರೆ ಕೆಳಗೆ ಉಳಿದ ಬೇರು ಚಿಗುರುವುದು ಅಪರೂಪ. ಖಾಲಿಯಾದ ಜಾಗದಲ್ಲಿ ಅದೇ ಮಳೆಗೆ ಅಂಜನ್ ಹುಲ್ಲನ್ನೋ ಸ್ಟೈಲೋವನ್ನೋ ಬಿತ್ತಿ. ಮಣ್ಣಿನಲ್ಲಿ ಉಳಿದ ಬೀಜ ವರ್ಷಗಳ ಕಾಲ ಮೊಳೆಯುತ್ತಿರುತ್ತದೆ. ಪ್ರತಿ ಮುಂಗಾರಿನ ನಂತರ ಒಂದು ಸುತ್ತು ಹಾಕಿ, ಮುಳ್ಳು ಬಲಿಯುವ ಮೊದಲು ಸಸಿಗಳನ್ನು ಕೈಯಲ್ಲೇ ಕಿತ್ತುಬಿಡಿ.