ನಿಮಗಿದು ಗೊತ್ತೆ? ಹಿಮನದಿ ಕೊರೆದ ಕಾಶ್ಮೀರದ ಸರೋವರಗಳು

ಕಾಶ್ಮೀರದ ಸೋನಮರ್ಗ್ ಬಳಿ ಆರಂಭವಾಗಿ ನಾರಾನಾಗ್‌ನಲ್ಲಿ ಕೊನೆಗೊಳ್ಳುವ ಸುಮಾರು 70 ಕಿ.ಮೀ. ಉದ್ದದ ‘ಗ್ರೇಟ್ ಲೇಕ್ಸ್’ ಚಾರಣದ ಹಾದಿಯಲ್ಲಿ ವಿಶನ್‌ಸರ್, ಕಿಶನ್‌ಸರ್, ಗಡ್‌ಸರ್, ಸತ್‌ಸರ್, ಗಂಗಾಬಲ್, ನಂದಕೋಲ್ ಸರೋವರಗಳಿದ್ದು, ಅತಿ ಎತ್ತರದ ತಾಣವಾದ ಗಡ್‌ಸರ್ ಪಾಸ್ ಸಮುದ್ರಮಟ್ಟದಿಂದ ಸುಮಾರು 4,200 ಮೀಟರ್ ಎತ್ತರದಲ್ಲಿದೆ.

ನಿಧಾನವಾಗಿ ಜಾರುವ ಹಿಮನದಿಯು ಪರ್ವತದ ಮಗ್ಗುಲನ್ನು ಬೋಗುಣಿಯಂತೆ ಕೊರೆದು, ಆ ತಗ್ಗಿನಲ್ಲಿ ಹಿಮ ಕರಗಿದ ನೀರು ನಿಂತಾಗ ಉಂಟಾಗುವ ಸರೋವರವನ್ನು ಭೂವಿಜ್ಞಾನಿಗಳು ‘ಟಾರ್ನ್’ ಎನ್ನುತ್ತಾರೆ. ಹಿಮದಡಿಯಲ್ಲಿ ಬಂಡೆಗಳು ಪರಸ್ಪರ ಉಜ್ಜಿದಾಗ ಹುಟ್ಟುವ ಅತಿ ನವಿರಾದ ಶಿಲಾಚೂರ್ಣವು ನೀರಿನಲ್ಲಿ ತೇಲುತ್ತ ಬೆಳಕನ್ನು ಚದುರಿಸುವುದರಿಂದ, ಹಿಮನದಿಯ ನೀರು ಸೇರುವ ಇಂಥ ಅನೇಕ ಸರೋವರಗಳು ಹಸಿರುಮಿಶ್ರಿತ ನೀಲಿಯಾಗಿ ಕಾಣುತ್ತವೆ.

ತೀವ್ರ ಚಳಿ ಮತ್ತು ಅಲ್ಪಾವಧಿಯ ಬೇಸಿಗೆಯಿಂದಾಗಿ ಮರಗಳು ಬೆಳೆಯಲಾರದ ಎತ್ತರದ ಗಡಿಯನ್ನು ‘ವೃಕ್ಷರೇಖೆ’ ಎಂದು ಕರೆಯಲಾಗುತ್ತದೆ. ಅದರ ಮೇಲ್ಭಾಗದಲ್ಲಿ ಹುಲ್ಲು ಮತ್ತು ಹೂಗಿಡಗಳಷ್ಟೇ ಹರಡಿರುವ ಆಲ್ಪೈನ್ ಹುಲ್ಲುಗಾವಲುಗಳಿಗೆ ಗುಜ್ಜರ್ ಹಾಗೂ ಬಕರ್ವಾಲ್ ಪಶುಪಾಲಕರು ಪ್ರತಿ ಬೇಸಿಗೆಯಲ್ಲಿ ಕುರಿ, ಮೇಕೆ, ಕುದುರೆಗಳೊಂದಿಗೆ ವಲಸೆ ಬರುತ್ತಾರೆ.

ಕಿಶನ್‌ಸರ್‌ನ ನೀರು ಕೆಳಗಿನ ವಿಶನ್‌ಸರ್ ಸೇರಿ, ಅಲ್ಲಿಂದ ಕಿಶನ್‌ಗಂಗಾ ನದಿಯಾಗಿ ಹೊರಟು, ಗಡಿ ನಿಯಂತ್ರಣ ರೇಖೆಯಾಚೆ ನೀಲಂ ಎಂಬ ಹೆಸರು ಪಡೆದು, ಮುಜಫರಾಬಾದ್ ಬಳಿ ಝೇಲಂ ನದಿಯೊಂದಿಗೆ ಕೂಡುತ್ತದೆ.

ಎತ್ತರ ಹೆಚ್ಚಿದಂತೆ ವಾಯುಒತ್ತಡ ತಗ್ಗಿ, ಪ್ರತಿ ಉಸಿರಿನಲ್ಲೂ ದೊರೆಯುವ ಆಮ್ಲಜನಕ ಕಡಿಮೆಯಾಗುವುದರಿಂದ, ತಲೆನೋವು, ವಾಕರಿಕೆ ಕಾಣಿಸಿಕೊಂಡವರು ಮೇಲೇರುವುದನ್ನು ನಿಲ್ಲಿಸಬೇಕು. ಲಕ್ಷಣಗಳು ಉಲ್ಬಣಿಸಿದರೆ ತಡಮಾಡದೆ ಕೆಳಗಿಳಿಯಬೇಕು.