ಗಾಜಿನಲ್ಲಿ ಅರಳಿದ ಹೂವು

ಒಡೆದ ಬಳೆಯ ಚೂರುಗಳನ್ನು ದೀಪದ ಕುಡಿಗೆ ಹಿಡಿದು, ಅವು ಮೆತ್ತಗಾಗಿ ಬಾಗಿದಾಗ ತುದಿಗೆ ತುದಿ ಸೇರಿಸಿ, ಒಂದು ಕೊಂಡಿಯೊಳಗೆ ಇನ್ನೊಂದನ್ನು ಸಿಕ್ಕಿಸಿ ಸರ ಮಾಡುವ ಆಟವನ್ನು ಕೇಳುಗರಲ್ಲಿ ಅನೇಕರು ಚಿಕ್ಕಂದಿನಲ್ಲಿ ಆಡಿರಬೇಕು. ನಾನೂ ಆಡಿದ್ದೇನೆ; ಬೆರಳು ಸುಟ್ಟುಕೊಂಡಿದ್ದೇನೆ. ಕಲ್ಲಿನಂತೆ ಗಡುಸಾದ ಗಾಜು ಒಂದು ಬತ್ತಿಯ ಕಾವಿಗೆ ಬೆಲ್ಲದ ಪಾಕದಂತೆ ಬಳುಕುವುದನ್ನು ಕಂಡ ಬೆರಗು ಇನ್ನೂ ಮಾಸಿಲ್ಲ. ಅದೇ ವಿದ್ಯೆಯನ್ನು ಹಿಡಿದು, ಬೇರೆ ಯಾರೂ ಏರದ ಎತ್ತರಕ್ಕೆ ಏರಿದ ತಂದೆ ಮಗ ಇಬ್ಬರ ವಿಷಯವನ್ನು ಇಂದು ಹೇಳಬೇಕೆಂದಿದ್ದೇನೆ. ಅವರು ಲಿಯೋಪೋಲ್ಡ್ ಬ್ಲಾಷ್ಕಾ ಮತ್ತು ರುಡಾಲ್ಫ್ ಬ್ಲಾಷ್ಕಾ.

ಲಿಯೋಪೋಲ್ಡ್ ಹುಟ್ಟಿದ್ದು 1822ರಲ್ಲಿ, ಗಾಜಿಗೆ ಹೆಸರಾದ ಬೊಹೀಮಿಯಾದಲ್ಲಿ. ಅಕ್ಕಸಾಲೆಯ ಕೆಲಸವನ್ನೂ ರತ್ನ ಕೊರೆಯುವುದನ್ನೂ ಕಲಿತ. ಮನೆತನದ ಕಸುಬಾದ ಗಾಜಿನಲ್ಲಿ ಒಡವೆಗಳನ್ನೂ ಕೃತಕ ಕಣ್ಣುಗಳನ್ನೂ ಮಾಡುತ್ತಿದ್ದ. 1850ರಲ್ಲಿ ಹೆಂಡತಿ ಕಾಲರಾಕ್ಕೆ ತುತ್ತಾದಳು; ಎರಡು ವರ್ಷದೊಳಗೆ ತಂದೆಯೂ ಹೋದ. ಮನಸ್ಸು ಮುರಿದಿದ್ದ ಈ ಮನುಷ್ಯ 1853ರಲ್ಲಿ ಅಮೆರಿಕಕ್ಕೆ ಹೋಗುವ ಹಾಯಿಹಡಗನ್ನು ಹತ್ತಿದ. ಅಜೋರ್ಸ್ ದ್ವೀಪಗಳ ಹತ್ತಿರ ಗಾಳಿ ಬಿದ್ದುಹೋಯಿತು; ಹಡಗು ಇದ್ದಲ್ಲಿಯೇ ನಿಂತಿತು. ಮಾಡುವುದಕ್ಕೆ ಏನೂ ಇಲ್ಲದ ಆ ದಿನಗಳಲ್ಲಿ ಅವನು ಲೋಳೆಮೀನುಗಳನ್ನು ನೋಡುತ್ತ, ಚಿತ್ರ ಬರೆದುಕೊಳ್ಳುತ್ತ ಕಾಲ ಕಳೆದ. ರಾತ್ರಿ ಕತ್ತಲ ನೀರಿನಲ್ಲಿ ಜೀವಿಗಳು ತಾವಾಗಿಯೇ ಬೆಳಗಿ ಆರಿ, ಮತ್ತೆ ಬೆಳಗುತ್ತಿದ್ದವು. ಒಳಗಿನಿಂದ ಬೆಳಕು ಹಾಯುವ, ಮೈ ಇದ್ದೂ ಇಲ್ಲದಂತಿರುವ ಆ ಪ್ರಾಣಿ ಗಾಜಿನ ಕೆಲಸಗಾರನ ಕಣ್ಣಿಗೆ ಹೇಗೆ ಕಂಡಿರಬೇಕು!

ಆದರೆ ಕಂಡದ್ದು ಕೂಡಲೆ ಕೃತಿಯಾಗಲಿಲ್ಲ. ಊರಿಗೆ ಮರಳಿ, ಮತ್ತೆ ಮದುವೆಯಾಗಿ, ಕಣ್ಣು ಮತ್ತು ಒಡವೆಗಳನ್ನೇ ಮಾಡುತ್ತಿದ್ದ. ಬಿಡುವಿನಲ್ಲಿ ಗಾಜಿನ ಹೂಗಳನ್ನು ಮಾಡಿದ. ಅವುಗಳನ್ನು ನೋಡಿ ಮೆಚ್ಚಿದ ಒಬ್ಬ ರಾಜಕುಮಾರನಿಗಾಗಿ 1860ರ ಸುಮಾರಿಗೆ ನೂರರಷ್ಟು ಆರ್ಕಿಡ್ ಮತ್ತಿತರ ಗಿಡಗಳನ್ನು ಮಾಡಿದ. ಆ ಸಂಗ್ರಹ ಬೆಲ್ಜಿಯಂನ ಲಿಯೇಜ್ ನಗರಕ್ಕೆ ಹೋಗಿ, 1868ರ ಬೆಂಕಿಯಲ್ಲಿ ಹಾಳಾಯಿತು. ಬೆಂಕಿಯಿಂದ ಹುಟ್ಟಿದ್ದು ಬೆಂಕಿಗೇ ಹೋಯಿತು.

ಹತ್ತು ವರ್ಷ ಮನಸ್ಸಿನಲ್ಲಿದ್ದ ಕಡಲು ಹೊರಬಂದದ್ದು 1863ರಲ್ಲಿ. ಡ್ರೆಸ್ಡನ್ ನಗರದ ನಿಸರ್ಗ ಚರಿತ್ರೆಯ ಸಂಗ್ರಹಾಲಯದ ಮುಖ್ಯಸ್ಥ ರೈಖೆನ್‌ಬಾಖ್‌ಗೆ ಒಂದು ತೊಡಕಿತ್ತು. ಹಕ್ಕಿ ಮೃಗಗಳ ಚರ್ಮಕ್ಕೆ ಹುಲ್ಲು ತುಂಬಿ ನಿಲ್ಲಿಸಬಹುದು; ಎಲುಬಿಲ್ಲದ ಕಡಲ ಜೀವಿಗಳನ್ನು ಏನು ಮಾಡುವುದು? ಮದ್ಯಸಾರದ ಜಾಡಿಯಲ್ಲಿಟ್ಟರೆ ಬಣ್ಣ ಬಿಟ್ಟು, ಮುದುಡಿ, ತಳದಲ್ಲಿ ಬೂದು ಮುದ್ದೆಯಾಗಿ ಕೂರುತ್ತವೆ. ಲಿಯೋಪೋಲ್ಡ್ ಆತನಿಗೆ ಗಾಜಿನ ಕಡಲಹೂಗಳನ್ನು ಮಾಡಿಕೊಟ್ಟ. ಮೊದಮೊದಲು ಇಂಗ್ಲೆಂಡಿನ ಗಾಸ್ ಎಂಬ ಪ್ರಕೃತಿವಿಜ್ಞಾನಿಯ ಪುಸ್ತಕದ ಚಿತ್ರಗಳನ್ನು ನೋಡಿ ಮಾಡಿದ. ಆಮೇಲೆ ಅದು ಸಾಲದೆ ಮನೆಯಲ್ಲಿಯೇ ಉಪ್ಪುನೀರಿನ ತೊಟ್ಟಿಗಳನ್ನಿಟ್ಟು, ನೇಪಲ್ಸ್ ಮುಂತಾದ ಕಡೆಗಳಿಂದ ಜೀವಂತ ಪ್ರಾಣಿಗಳನ್ನು ತರಿಸಿ ಸಾಕಿದ. ಕಡಲಿಲ್ಲದ ಊರಿನಲ್ಲಿ ಕುಳಿತು ಕಡಲನ್ನು ಮಾಡಿದವನು ಅವನು. 1876ರ ಸುಮಾರಿಗೆ ಮಗ ರುಡಾಲ್ಫ್ ಕೆಲಸಕ್ಕೆ ಸೇರಿದ. 1880ರ ದಶಕದ ಹೊತ್ತಿಗೆ ಅವರ ಪಟ್ಟಿಯಲ್ಲಿ ಸುಮಾರು 700 ಬಗೆಯ ಮಾದರಿಗಳಿದ್ದವು.

ಇನ್ನು ಕೆಲಸದ ರೀತಿ. ದೊಡ್ಡ ಕುಲುಮೆ ಇಲ್ಲ; ಮರದ ಒಂದು ಮೇಜು, ಅದರ ಮೇಲೆ ಪ್ಯಾರಾಫಿನ್ ಉರಿಯುವ ದೀಪ, ಕೆಳಗೆ ಕಾಲಿನಿಂದ ತುಳಿಯುವ ತಿದಿ. ತಿದಿಯ ಗಾಳಿ ದೀಪದ ಕುಡಿಯನ್ನು ಚೂಪಾಗಿ ಒಂದೇ ಕಡೆಗೆ ಹಾಯಿಸುತ್ತದೆ. ಕಾಲು ಉರಿಯನ್ನು ಆಳುತ್ತಿರುವಾಗ ಎರಡು ಕೈಗಳೂ ಗಾಜಿಗೆ ಬಿಡುವಾಗಿರುತ್ತವೆ. ಮಂಜುಗಡ್ಡೆಗೆ ಇರುವಂತೆ ಗಾಜಿಗೆ ಕರಗುವ ಒಂದು ಗೊತ್ತಾದ ಬಿಂದುವಿಲ್ಲ. ಕಾವು ಏರಿದಂತೆ ಅದು ಮೊದಲು ಬಾಗುತ್ತದೆ, ಆಮೇಲೆ ಎಳೆಯಾಗಿ ಎಳೆದಷ್ಟೂ ಬರುತ್ತದೆ, ಕೊನೆಗೆ ಹನಿಯಾಗುತ್ತದೆ. ಕಲೆಯೆಲ್ಲ ಈ ನಡುವಣ ಹದದಲ್ಲಿದೆ. ಪಾಕ ಹಿಡಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಜಿನ ಕೊಳವೆಯನ್ನು ಊದಿ ಪ್ರಾಣಿಯ ಟೊಳ್ಳು ಮೈ. ಕಡ್ಡಿಯನ್ನು ಎಳೆದು ಕೂದಲಿನಷ್ಟು ತೆಳುವಾದ ಬಾಹುಗಳು. ಚಿಮಟದಿಂದ ಚಿವುಟಿ ಎಸಳು. ಬೇರೆ ಬೇರೆ ಬಗೆಯ ಗಾಜುಗಳು ಕಾವಿಗೆ ಹಿಗ್ಗುವುದೂ ಆರಿದಾಗ ಕುಗ್ಗುವುದೂ ಒಂದೇ ಸಮನಲ್ಲವಾದ್ದರಿಂದ ಬೆಸೆದ ಕಡೆ ಸೀಳುವ ಭಯವುಂಟು. ಅಂಥಲ್ಲಿ ಅಂಟಿನಿಂದ ಕೂಡಿಸಿದರು. ಗಿಡದ ಕಾಂಡದೊಳಗೆ ತಂತಿಯನ್ನಿಟ್ಟರು. ಬಸವನಹುಳುವಿಗೆ ಕೆಲವೊಮ್ಮೆ ನಿಜವಾದ ಚಿಪ್ಪನ್ನೇ ಹೊದಿಸಿದರು. ಶುದ್ಧ ಗಾಜೇ ಆಗಬೇಕೆಂಬ ಹಟ ಅವರಿಗಿರಲಿಲ್ಲ. ಕಣ್ಣಿಗೆ ನಿಜವಾಗಬೇಕೆಂಬುದೊಂದೇ ಹಟ. ಬಣ್ಣವನ್ನು ಮೊದಲು ಮೇಲೆ ಬಳಿಯುತ್ತಿದ್ದರು. ರುಡಾಲ್ಫ್ ಮುಂದೆ ತಾನೇ ಬಣ್ಣದ ಗಾಜುಗಳನ್ನು ಕಾಯಿಸಿ, ಅರೆದು, ಆ ಪುಡಿಯನ್ನು ಮಾದರಿಯ ಮೇಲೆ ಹದವಾಗಿ ಕರಗಿಸಿ ಹಿಡಿಸುವುದನ್ನು ಸಾಧಿಸಿದ.

1886ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಗುಡೇಲ್ ಅವರು ಇವರ ಮನೆಬಾಗಿಲಿಗೆ ಬಂದರು. ಒಣಗಿಸಿ ಒತ್ತಿಟ್ಟ ಗಿಡಗಳಿಂದ ಪಾಠ ಹೇಳಿ ಬೇಸತ್ತಿದ್ದ ಅವರಿಗೆ ಗಾಜಿನ ಸಸ್ಯಗಳು ಬೇಕಾಗಿದ್ದವು. ಲಿಯೋಪೋಲ್ಡ್ ಮೊದಲು ಒಪ್ಪಲಿಲ್ಲ. ಬಹಳ ಹೇಳಿದ ಮೇಲೆ ಕೆಲವನ್ನು ಮಾಡಿ ಕಳುಹಿಸಿದ. ನ್ಯೂಯಾರ್ಕಿನ ಸುಂಕದ ಕಟ್ಟೆಯಲ್ಲಿ ಅವು ಮುರಿದವು. ಆದರೆ ಆ ಚೂರುಗಳೇ ಸಾಕಾದವು! ಅವುಗಳ ಚೆಲುವಿಗೆ ಸೋತು ಎಲಿಜಬೆತ್ ವೇರ್ ಮತ್ತು ಅವರ ಮಗಳು ಮೇರಿ ಖರ್ಚು ಹೊರಲು ಮುಂದೆ ಬಂದರು. 1890ರಿಂದ ಬ್ಲಾಷ್ಕಾಗಳು ಹಾರ್ವರ್ಡ್‌ಗಾಗಿ ಮಾತ್ರ ದುಡಿದರು. 1892ರಲ್ಲಿ ರುಡಾಲ್ಫ್ ಜಮೈಕಾಕ್ಕೂ ಅಮೆರಿಕಕ್ಕೂ ಹೋಗಿ ಗಿಡಗಳನ್ನು ನಿಂತ ನೆಲದಲ್ಲಿಯೇ ನೋಡಿ, ಬರೆದುಕೊಂಡು ಬಂದ. 1936ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಸುಮಾರು 780 ಜಾತಿಯ ಸಸ್ಯಗಳ 4,300ಕ್ಕೂ ಹೆಚ್ಚು ಮಾದರಿಗಳಾಗಿದ್ದವು. ಅವುಗಳಲ್ಲಿ ನಮ್ಮ ಕರಾವಳಿಯವರಿಗೆ ಚಿರಪರಿಚಿತವಾದ ಗೇರೂ ಇದೆ.

ಇದು ಕಲೆಯೋ ಬರಿಯ ನಕಲೋ ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಾದದ್ದಲ್ಲ. ಇದ್ದದ್ದನ್ನು ಇದ್ದಂತೆ ಮಾಡಿದವನು ತನ್ನದೆಂಬುದನ್ನು ಏನು ಸೇರಿಸಿದ? ನನಗೆ ತೋರುವುದಿಷ್ಟು: ನಕಲು ಮಾಡುವವನು ಒಮ್ಮೆ ನೋಡಿ ಕೈಗೆ ಕೆಲಸ ಕೊಡುತ್ತಾನೆ, ಇವರು ಕೈಯನ್ನು ತಡೆದು ಮತ್ತೆ ಮತ್ತೆ ನೋಡಿದರು. ಎಲೆಯ ನರ ಎಲ್ಲಿ ಕವಲೊಡೆಯುತ್ತದೆ, ಹುಳು ತಿಂದ ಅಂಚು ಹೇಗೆ ಕಂದುತ್ತದೆ ಎಂಬುದನ್ನು ಪ್ರೀತಿಯಿಲ್ಲದ ಕಣ್ಣು ಕಾಣಲಾರದು. ತಮ್ಮಲ್ಲಿ ಗುಟ್ಟಾದ ಯಂತ್ರವೇನೋ ಇದೆಯೆಂದು ಜನ ಊಹಿಸುವುದನ್ನು ಕುರಿತು ಲಿಯೋಪೋಲ್ಡ್ 1889ರ ಒಂದು ಕಾಗದದಲ್ಲಿ ಬರೆದ: ಗುಟ್ಟು ಯಾವುದೂ ಇಲ್ಲ, ಬೆರಳಿನ ಅರಿವು ಇದೆ, ಅದು ತಲೆಮಾರಿನಿಂದ ತಲೆಮಾರಿಗೆ ಬೆಳೆದು ಬಂದದ್ದು. ಕಾರ್ನೆಲ್ ವಿಶ್ವವಿದ್ಯಾಲಯ 1885ರಲ್ಲಿ ಕೊಂಡ ಗಾಜಿನ ಕಡಲ ಜೀವಿಗಳನ್ನು ಕೈಯಲ್ಲಿ ಹಿಡಿದು, ಅವುಗಳ ಜೀವಂತ ಬಂಧುಗಳು ಇನ್ನೂ ಉಳಿದಿವೆಯೇ ಎಂದು ಡ್ರೂ ಹಾರ್ವೆಲ್ ಎಂಬ ವಿಜ್ಞಾನಿ ಕಡಲುಗಳಲ್ಲಿ ಹುಡುಕಿ, 2016ರಲ್ಲಿ ಪುಸ್ತಕ ಪ್ರಕಟಿಸಿದರು. ನೂರು ವರ್ಷದ ಮೇಲೆ ವಿಜ್ಞಾನಿಯೊಬ್ಬರು ನಂಬಿ ಸಾಕ್ಷಿಗೆ ಕರೆಯಬಲ್ಲ ಶಿಲ್ಪಗಳು ಎಷ್ಟಿವೆ?

ಆ ತಲೆಮಾರಿನ ಎಳೆ ರುಡಾಲ್ಫ್‌ನಲ್ಲಿಗೆ ಕಡಿಯಿತು. 1895ರಲ್ಲಿ ಅವನು ಎರಡನೆಯ ಸಲ ಅಮೆರಿಕದಲ್ಲಿದ್ದಾಗ ತಂದೆ ತೀರಿಕೊಂಡ. ಮಗನಿಗೆ ಮಕ್ಕಳಿರಲಿಲ್ಲ, ಶಿಷ್ಯನೂ ಇರಲಿಲ್ಲ. ಮುಂದಿನ ನಾಲ್ಕು ದಶಕ, ಒಂದು ಮಹಾಯುದ್ಧವನ್ನು ದಾಟಿ, ಆ ದೀಪದ ಮುಂದೆ ಅವನೊಬ್ಬನೇ ಕುಳಿತ. 1939ರಲ್ಲಿ ಅವನೂ ಹೋದ.

ಅವನ ಕೊನೆಯ ಕೃತಿಗಳಲ್ಲಿ, 1924ರಿಂದ 1932ರವರೆಗೆ ಮಾಡಿದ ಒಂದು ಗುಂಪು ಇದೆ. ಅವು ರೋಗ ಹಿಡಿದ ಹಣ್ಣುಗಳು: ಬೂಷ್ಟು ಕವಿದ ಸ್ಟ್ರಾಬೆರಿ, ಕಲೆಗಟ್ಟಿದ ಪೇರು, ಕೊಳೆತು ಕುಗ್ಗಿದ ಪೀಚ್. ಎಪ್ಪತ್ತರ ಆಸುಪಾಸಿನ ಆ ಮುದುಕ ಗಾಜನ್ನು ಅದೇ ಉರಿಗೆ ಹಿಡಿದು, ಸಿಪ್ಪೆಯ ಮೇಲಣ ಒಂದೊಂದು ಸುಕ್ಕನ್ನೂ ಆರ್ಕಿಡಿನ ಎಸಳಿಗೆ ಕೊಟ್ಟಷ್ಟೇ ಜೋಕೆಯಿಂದ ತಿದ್ದಿದ್ದಾನೆ.