ಭಾರ ಹೊರದ ಕಂಬಗಳು

ಕಳೆದ ವರ್ಷ ನೆಂಟರ ಮದುವೆಗೆಂದು ಹಾಸನಕ್ಕೆ ಹೋದಾಗ ಹೆದ್ದಾರಿ ಬದಿಯ ಹೊಸ ಹೋಟೆಲೊಂದರಲ್ಲಿ ಇಳಿದುಕೊಂಡಿದ್ದೆವು. ರಿಸೆಪ್ಷನ್ ಬಳಿ ಎರಡು ಹಳೆಯ ಮರದ ಕಂಬಗಳು ನಿಂತಿದ್ದವು. ತಲೆಯ ಮೇಲೆ ಬೋದಿಗೆ, ಅದರಲ್ಲಿ ಬಾಳೆಮೊಗ್ಗಿನ ಕೆತ್ತನೆ. ವಾರ್ನಿಷ್ ಬಳಿದು ಮಿರಮಿರ ಮಿಂಚುತ್ತಿದ್ದವು. ಕತ್ತೆತ್ತಿ ನೋಡಿದೆ. ಬೋದಿಗೆಗೂ ಚಾವಣಿಗೂ ನಡುವೆ ಒಂದು ಗೇಣು ಬರೀ ಗಾಳಿ. ಕಂಬಗಳು ಏನನ್ನೂ ಹೊತ್ತಿರಲಿಲ್ಲ.

ಅರಕಲಗೂಡು ತಾಲ್ಲೂಕಿನ ನಮ್ಮ ಹಳ್ಳಿಯ ತೊಟ್ಟಿ ಮನೆಯಲ್ಲಿ ಅಂಥವೇ ಎಂಟು ಕಂಬಗಳಿದ್ದವು. ಅಣ್ಣತಮ್ಮಂದಿರಲ್ಲಿ ಭಾಗವಾದ ಮೇಲೆ ಮನೆ ಕೆಡವಿಸಿದೆವು. ಹಳೆ ಮರದ ವ್ಯಾಪಾರಿ ಲಾರಿಯೊಂದಿಗೇ ಬಂದು ಕಂಬ, ತೊಲೆ, ಬಾಗಿಲುವಾಡಗಳಿಗೆ ಒಟ್ಟಿಗೇ ದರ ಕಟ್ಟಿದ. ಸೌದೆಯ ಬೆಲೆಗಿಂತ ತುಸು ಹೆಚ್ಚು, ಅಷ್ಟೆ. ‘ಗೆದ್ದಲು ತಿನ್ನುವುದಕ್ಕಿಂತ ವಾಸಿ’ ಎಂದು ಹಣ ಎಣಿಸಿಕೊಂಡವನು ನಾನೇ. ಹೋಟೆಲಿನಲ್ಲಿದ್ದವು ನಮ್ಮ ಮನೆಯವೇ ಎಂದು ಹೇಳಲಾರೆ. ಆದರೆ ಅವುಗಳ ಮುಂದೆ ನಿಲ್ಲಲು ನಾಚಿಕೆಯಾಯಿತು.

ಮೇಲಿನ ಮಹಡಿಯ ಊಟದ ಹಾಲಿನಲ್ಲಿ ಇನ್ನೊಂದು ಅಚ್ಚರಿ ಕಾದಿತ್ತು. ಅರ್ಧ ಭಾಗ ‘ಚೈನೀಸ್’. ಕೆಂಪು ಕಾಗದದ ದೀಪಗಳು, ಗೋಡೆಯ ಮೇಲೆ ಬೆಂಕಿ ಉಗುಳುವ ಫೈಬರ್ ಡ್ರ್ಯಾಗನ್, ತಟ್ಟೆಯಲ್ಲಿ ಮಂಚೂರಿಯಾದವರು ಕಂಡು ಕೇಳರಿಯದ ಗೋಬಿ ಮಂಚೂರಿ. ಉಳಿದರ್ಧ ‘ಹೊಯ್ಸಳ’. ಅಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಶಿಲಾಬಾಲಿಕೆಯರು. ಜೊತೆಯಲ್ಲಿದ್ದ ಅಕ್ಕನ ಮೊಮ್ಮಗ ‘ತಾತ, ಚೀನಾ ಹೀಗೇ ಇರುತ್ತಾ?’ ಎಂದ. ಊರಿಗೆ ಬಂದ ಮೇಲೆ ಅವನಿಗೆ ಉತ್ತರ ಹೇಳಲೆಂದೇ ಓದತೊಡಗಿದೆ.

ಚೀನಾದ ಹೋಟೆಲಿನಲ್ಲಿ ಚೀನಾ

ಚೀನಾದ ಒಳ್ಳೆಯ ವಾಸ್ತುಶಿಲ್ಪಿಗಳು ಡ್ರ್ಯಾಗನ್ ಬಿಟ್ಟು ಬಹಳ ದಿನವಾಗಿದೆ. ಅವರು ಹುಡುಕುವುದು ಆಯಾ ಸೀಮೆಯ ಮಣ್ಣು, ಕಲ್ಲು, ಬಿದಿರನ್ನು. ವಾಂಗ್ ಶು ಎಂಬುವರಿಗೆ 2012ರಲ್ಲಿ ವಾಸ್ತುಶಿಲ್ಪದ ಬಹು ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಹಾಂಗ್‌ಝೌ ನಗರದ ಕಲಾ ಅಕಾಡೆಮಿಯ ಕಟ್ಟಡಗಳಿಗೆ ಅವರು ಹೊದಿಸಿದ್ದು ಕೆಡವಿದ ಹಳೇ ಮನೆಗಳ 20 ಲಕ್ಷಕ್ಕೂ ಹೆಚ್ಚು ಹೆಂಚುಗಳನ್ನು. ಅದೇ ಆವರಣದಲ್ಲಿ ಅವರು ಕಟ್ಟಿದ ಅತಿಥಿಗೃಹಕ್ಕೆ ಮಣ್ಣನ್ನು ದಮ್ಮಸು ಮಾಡಿ ಎಬ್ಬಿಸಿದ ಗೋಡೆ. ಮೇಲೆ ಮರದ ಜಂತೆ, ಉದ್ದಕ್ಕೂ ಹೆಂಚಿನ ಸೂರು. ಯಾಂಗ್‌ಶುವೋ ಎಂಬಲ್ಲಿ 1960ರ ದಶಕದ ಸಕ್ಕರೆ ಕಾರ್ಖಾನೆಯೊಂದು 2017ರಲ್ಲಿ ಹೋಟೆಲಾಯಿತು. ಕಾರ್ಖಾನೆಯನ್ನು ಕೆಡವದೆ, ಹೊಸ ಗೋಡೆಗಳಿಗೆ ಕಾಂಕ್ರೀಟ್ ಇಟ್ಟಿಗೆಯ ಜೊತೆ ಅಲ್ಲಿನದೇ ಕಲ್ಲನ್ನು ಸೇರಿಸಿ ಕಟ್ಟಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮತ್ತೊಂದು ಸಂಗತಿ. ಆನ್‌ಹುಯಿ ಪ್ರಾಂತ್ಯದ ಹಳೆಯ ಮನೆಗಳ ನಡುವೆ ಆಕಾಶಕ್ಕೆ ತೆರೆದ ಅಂಗಳವಿರುತ್ತದೆ. ಅದಕ್ಕೆ ‘ಆಕಾಶದ ಬಾವಿ’ ಎಂದು ಹೆಸರು. ನಾಲ್ಕೂ ಕಡೆಯ ಮಾಡು ಒಳಕ್ಕೇ ಇಳಿಜಾರು. ಮಳೆನೀರು ಮನೆಯೊಳಗೇ ಬಿದ್ದರೆ ಸಂಪತ್ತು ಮನೆಯಲ್ಲೇ ನಿಲ್ಲುತ್ತದೆಂದು ಅಲ್ಲಿನವರ ನಂಬಿಕೆ. ಇದು ನಮ್ಮ ತೊಟ್ಟಿಯಲ್ಲದೆ ಇನ್ನೇನು? ಮಳೆಗಾಲದಲ್ಲಿ ಹಿತ್ತಾಳೆ ಹಂಡೆಯನ್ನು ಸೂರಂಚಿಗೆ ಎಳೆದಿಡುತ್ತಿದ್ದ ನಮ್ಮ ಅಜ್ಜಿಗೆ ಆ ಮನೆಯಲ್ಲಿ ದಾರಿ ತಪ್ಪುತ್ತಿರಲಿಲ್ಲ.

ಒಂದೇ ಮಣ್ಣು, ಎರಡು ಬಣ್ಣ

ಒಂದು ವ್ಯತ್ಯಾಸವೇನೋ ಇದೆ. ನಮ್ಮ ಹೆಂಚು ಕೆಂಪು, ಅವರ ಹಳೆಯ ಹೆಂಚು ಬೂದು ಬಣ್ಣ. ಮಣ್ಣೇ ಬೇರೆ ಇರಬೇಕು ಎಂದುಕೊಂಡರೆ ತಪ್ಪು. ಎರಡರಲ್ಲೂ ಇರುವುದು ಕಬ್ಬಿಣದ ಅಂಶವೇ. ಗೂಡಿನಲ್ಲಿ ಗಾಳಿ ಧಾರಾಳವಾಗಿ ಆಡಿದರೆ ಕಬ್ಬಿಣ ಆಮ್ಲಜನಕದೊಡನೆ ಕೂಡಿ ಕೆಂಪಾಗುತ್ತದೆ. ಚೀನಾದ ಕುಶಲಿಗಳು ಸುಡುವ ಕೊನೆಯ ಹಂತದಲ್ಲಿ ಗೂಡಿನ ಬಾಯಿ ಮುಚ್ಚಿ ಮೇಲಿನಿಂದ ನೀರು ಇಳಿಸುತ್ತಾರೆ. ಆಮ್ಲಜನಕ ಸಿಗದೆ, ಇದ್ದದ್ದನ್ನೂ ಕಳೆದುಕೊಂಡು ಹೆಂಚು ಬೂದು ಬಣ್ಣಕ್ಕೆ ತಿರುಗುತ್ತದೆ. ಹತ್ತನೇ ತರಗತಿಯಲ್ಲಿ ‘ಅಪಕರ್ಷಣ’ ಎಂದು ಬಾಯಿಪಾಠ ಮಾಡಿಸುತ್ತೇವಲ್ಲ, ಅದೇ ಇದು. ಬಣ್ಣ ಬಂದದ್ದು ಮಣ್ಣಿನಿಂದಲ್ಲ, ಸುಡುವವನ ತಿಳಿವಳಿಕೆಯಿಂದ. ಸ್ಥಳೀಯತೆ ಎಂದರೆ ಇಷ್ಟೇ ಎಂದು ನನಗನ್ನಿಸುತ್ತದೆ. ಸಾಮಗ್ರಿಯೊಂದೇ ಅಲ್ಲ, ಅದನ್ನು ಬಲ್ಲ ಕೈ ಕೂಡ.

ನಮ್ಮಲ್ಲೇನಿದೆ?

ಹಾಸನ ಸೀಮೆಯಲ್ಲಿ ಏನಿಲ್ಲ? ಮೊದಲನೆಯದು ಬಳಪದ ಕಲ್ಲು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇಗುಲವಾಗಲಿ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಗುಡಿಯಾಗಲಿ ಆ ಜಾತಿಯ ಕಲ್ಲಿನಲ್ಲೇ ಅರಳಿದವು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ನಾವು ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದ್ದು ಆ ಕಲ್ಲಿನ ಕಡ್ಡಿಯಿಂದಲೇ. ಅಜ್ಜಿ ಉಪ್ಪಿನಕಾಯಿ ಇಡುತ್ತಿದ್ದ ಕಲ್ಲುಮರಿಗೆಯೂ ಅದರದೇ. ಹುಳಿಗೆ ಅದು ಕರಗುವುದಿಲ್ಲ. ಹೋಟೆಲಿನವರು ಶಿಲಾಬಾಲಿಕೆಯ ನಕಲನ್ನು ಗೋಡೆಗೆ ಅಂಟಿಸುವ ಬದಲು ಚಟ್ನಿ ಬಡಿಸಲು ಪುಟ್ಟ ಮರಿಗೆ ಇಟ್ಟರೂ ಸಾಕು, ಹೊಯ್ಸಳ ನಾಡು ಮೇಜಿನ ಮೇಲೆ ಬಂದಂತೆ.

ಎರಡನೆಯದು ರೆಡ್ ಆಕ್ಸೈಡಿನ ಗಾರೆ ನೆಲ. ಬೇಸಿಗೆಯಲ್ಲಿ ತಂಪು, ವರ್ಷ ಕಳೆದಂತೆ ಹೊಳಪು. ಮೂರನೆಯದು ಚನ್ನರಾಯಪಟ್ಟಣದ ಕಡೆಯ ಮುಪ್ಪಾದ ತೆಂಗಿನ ಮರ. ಅದಕ್ಕೆ ವಾರ್ಷಿಕ ಉಂಗುರಗಳಿಲ್ಲ. ಒಳಗೆ ಮೆದು, ಸಿಪ್ಪೆಯ ಕಡೆಗೆ ಗಟ್ಟಿ. ಆ ಹೊರಭಾಗವನ್ನು ಕೊಯ್ಸಿದರೆ ಕುರ್ಚಿ, ಮೇಜಿಗೆ ಚೆನ್ನಾಗಿ ಒದಗುತ್ತದೆ.

ಹೆಸರಿಗಂತೂ ನಮ್ಮಲ್ಲಿ ಬರವಿಲ್ಲ. ಸರ್ಕಾರದ ಪ್ರವಾಸಿ ಹೋಟೆಲುಗಳೇ ಬೇಲೂರಿನಲ್ಲಿ ‘ವೇಲಾಪುರಿ’, ಹಳೇಬೀಡಿನಲ್ಲಿ ‘ಶಾಂತಲಾ’. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಇನ್ನು ಲಾಡ್ಜುಗಳು ಏಳುವುದು ಖಂಡಿತ. ಅವುಗಳಿಗಾಗಿ ಹಳೆಯ ಮನೆಗಳು ಬೀಳುವುದೂ ಅಷ್ಟೇ ಖಂಡಿತ. ಬಿದ್ದ ಮನೆಯ ಕಂಬ ಎಲ್ಲಿಗೆ ಹೋಗುತ್ತದೆ ಎನ್ನುವುದೇ ಪ್ರಶ್ನೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಬೀಳಲಿದ್ದ ಮನೆಗಳನ್ನು ಬಿಚ್ಚಿ ತಂದು, ಇಡಿಯಾಗಿ ಮತ್ತೆ ಜೋಡಿಸಿ ನಿಲ್ಲಿಸಿದರು. ಅವರದು ಒಬ್ಬರ ಹಟ. ಎಲ್ಲರಿಂದಲೂ ಆಗುವ ಕೆಲಸವಲ್ಲ.

ಬ್ಯಾಂಕ್ ಬಡ್ಡಿ ಕಾಯುತ್ತಾ?

ಹೊಳೆನರಸೀಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾತನ ಕಾಲದ ಮನೆ ಕೆಡವಿ ಹನ್ನೆರಡು ಕೋಣೆಯ ಲಾಡ್ಜ್ ಕಟ್ಟಲು ಹೊರಟಿದ್ದ. ಇದನ್ನೆಲ್ಲ ಅವನ ಮುಂದೆ ಒದರಿದೆ. ಸಮಾಧಾನದಿಂದ ಕೇಳಿ ಹೇಳಿದ:

‘ಟೈಲ್ಸಾದ್ರೆ ನಾಲ್ಕು ದಿನದಲ್ಲಿ ಹಾಕ್ಬಿಡ್ತಾರೆ ಮೇಷ್ಟ್ರೇ. ಗಾರೆ ನೆಲ ಅಂದ್ರೆ ದಿನಗಟ್ಲೆ ನೀರು ನಿಲ್ಲಿಸ್ಬೇಕು. ಬಿರುಕು ಬಿಟ್ರೆ ಯಾರು ಹೊಣೆ? ಬ್ಯಾಂಕ್ ಬಡ್ಡಿ ಕಾಯುತ್ತಾ?’

ನನ್ನಲ್ಲಿ ಉತ್ತರವಿರಲಿಲ್ಲ. ಅವನು ಹೇಳಿದ್ದು ಸುಳ್ಳೂ ಅಲ್ಲ. ಗಾರೆ ನೆಲ ತಿಕ್ಕಿ ಹೊಳಪು ತರಬಲ್ಲ ಕೆಲಸಗಾರರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ. ಅವರಿಗೂ ವಯಸ್ಸಾಗಿದೆ. ಕೆಲಸವಿಲ್ಲದ್ದರಿಂದ ಮಕ್ಕಳು ಕಲಿಯಲಿಲ್ಲ. ಕಲಿತವರಿಲ್ಲದ್ದರಿಂದ ಕೆಲಸ ಕೊಡುವವರಿಲ್ಲ. ಈ ಸುತ್ತನ್ನು ಮುರಿಯಬಲ್ಲವರು ಯಾರಾದರೂ ಇದ್ದರೆ ಅದು ಹೋಟೆಲು ಕಟ್ಟುವವರೇ. ಮನೆ ಕಟ್ಟುವವನು ಒಂದು ನೆಲ ಹಾಕಿಸುತ್ತಾನೆ, ಹೋಟೆಲಿನವನು ಹನ್ನೆರಡು. ಹನ್ನೆರಡು ಮುಗಿಯುವ ಹೊತ್ತಿಗೆ ಪಕ್ಕದಲ್ಲಿ ನಿಂತ ಹುಡುಗನಿಗೆ ಕೈ ಕೂಡಿಬಂದಿರುತ್ತದೆ. ಇದನ್ನಷ್ಟೇ ಅವನಿಗೆ ಹೇಳಿ ಬಂದೆ.

ಮೊನ್ನೆ ಫೋನ್ ಮಾಡಿ ಕರೆದ. ಹಿಂಭಾಗದ ಕೋಣೆಗಳಿಗೆಲ್ಲ ಟೈಲ್ಸೇ. ಆದರೆ ಮುಂದಿನ ಜಗಲಿ, ತೊಟ್ಟಿ ಹಾಗೇ ಉಳಿದಿವೆ. ಸುತ್ತ ಗಾರೆ ನೆಲ. ಅರವತ್ತು ದಾಟಿದ ಮೇಸ್ತ್ರಿಯ ಪಕ್ಕದಲ್ಲಿ ಅವರ ಮೊಮ್ಮಗ ಕುಕ್ಕರಗಾಲಿನಲ್ಲಿ ಕೂತು ನೆಲ ತಿಕ್ಕುತ್ತಿದ್ದ. ನಾನು ಒಂದು ಸ್ಟೂಲ್ ಕೇಳಿ ಹತ್ತಿ, ಬೋದಿಗೆಗೂ ತೊಲೆಗೂ ನಡುವೆ ಬೆರಳಿಟ್ಟು ನೋಡಿದೆ.

ಬೆರಳು ತೂರಲಿಲ್ಲ.